ಉಬ್ಬಿದ ಬೋರ್ಡು, ಜುಮ್ಮೆನ್ನುವ ಕೈ: ಅಗ್ಗದ ಬೆಸುಗೆ ಮಷಿನ್‌ನ ತಪ್ಪೆಷ್ಟು?

ಪ್ರಶ್ನೆ:

ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮ ಮನೆ. ಐಟಿಐ ಮುಗಿಸಿ, ಎರಡು ವರ್ಷ ಪೇಟೆಯ ಅಂಗಡಿಯಲ್ಲಿ ಕೆಲಸ ಕಲಿತೆ. ಈಗ ಮನೆಯ ಜಗುಲಿಯ ಮೂಲೆಯಲ್ಲೇ ರಿಪೇರಿ ಮಾಡುತ್ತಿದ್ದೇನೆ. ಸೋಲಾರ್ ಬೇಲಿಯ ಮಷಿನ್, ಇಂಡಕ್ಷನ್ ಒಲೆ, ಪಂಪಿನ ಸ್ಟಾರ್ಟರ್ ಬೋರ್ಡು, ಸೆಟ್ ಟಾಪ್ ಬಾಕ್ಸು, ಮೊಬೈಲಿನ ಚಾರ್ಜಿಂಗ್ ಜ್ಯಾಕು, ಬಂದದ್ದನ್ನೆಲ್ಲ ನೋಡುತ್ತೇನೆ. ಬೆಸುಗೆಯ ಐರನ್ನೂ ಬಿಸಿಗಾಳಿಯ ಬ್ಲೋವರೂ ಒಂದೇ ಡಬ್ಬಿಯಲ್ಲಿರುವ ಮಷಿನ್ ಒಂದನ್ನು ನಾಲ್ಕು ಸಾವಿರದೊಳಗೆ ಆನ್‌ಲೈನ್‌ನಲ್ಲಿ ತರಿಸಿದೆ. ಮಳೆ ಹಿಡಿದ ಮೇಲೆ ಯಾವ ಕೆಲಸವೂ ನೆಟ್ಟಗಾಗುತ್ತಿಲ್ಲ. ಬೇಲಿ ಮಷಿನ್‌ನ ಬೋರ್ಡಿನಿಂದ ಐಸಿ ತೆಗೆಯುವಾಗ ಚಟ್ ಎಂದು ಸದ್ದಾಗಿ ಬೋರ್ಡು ಹಪ್ಪಳದ ಹಾಗೆ ಉಬ್ಬಿತು. ಚಾರ್ಜಿಂಗ್ ಜ್ಯಾಕಿನ ಪ್ಲಾಸ್ಟಿಕ್ ಕರಗಿ, ಅದರಡಿಯ ತಾಮ್ರದ ಪ್ಯಾಡೂ ಕಿತ್ತು ಬಂತು. ಸಂಜೆ ಹೊತ್ತು 450 ಡಿಗ್ರಿ ಇಟ್ಟರೂ ಲೆಡ್ (ಬೆಸುಗೆಯ ಲೋಹ) ಕರಗುವುದಿಲ್ಲ. ಐರನ್ನಿನ ಬಿಟ್ಟು (ಬಿಸಿಯಾಗುವ ಮೊನೆ) ಬೋರ್ಡಿಗೆ ತಾಗಿರುವಾಗ ಬೋರ್ಡನ್ನು ಹಿಡಿದರೆ ಕೈ ಜುಮ್ಮೆನ್ನುತ್ತದೆ. ಬಿಟ್ಟು ಬೇಗ ಕಪ್ಪಾಗುತ್ತದೆ, ಅರದಲ್ಲಿ ಉಜ್ಜಿದರೆ ಎರಡು ದಿನ ಸರಿ, ಮತ್ತೆ ಅದೇ ಕಥೆ. ಅಣ್ಣನ ಮಗು ಅಂಬೆಗಾಲಿಡುತ್ತಿದೆ. ಸೀಸದ ಹೊಗೆ ಮಗುವಿಗೆ ವಿಷ ಎಂದು ಅಮ್ಮ ಹೆದರುತ್ತಾರೆ. ಈ ಮಷಿನ್ ಎಸೆದು, ಸಾಲ ಮಾಡಿಯಾದರೂ ಇಪ್ಪತ್ತೈದು ಸಾವಿರದ್ದು ತಗೋ ಎನ್ನುತ್ತಾರೆ ಗೆಳೆಯರು. ಏನು ಮಾಡಲಿ?

ಉತ್ತರ:

ಸಾಲದ ಅರ್ಜಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಪತ್ರದ ಒಂದೊಂದು ದೂರನ್ನೂ ಬಿಡಿಸಿ ನೋಡಿದರೆ ಮಷಿನ್ ಪಾಲಿಗೆ ಬರುವುದು ಸ್ವಲ್ಪವೇ. ಉಳಿದದ್ದು ನಮ್ಮ ಮಳೆಯದು, ನಮ್ಮ ಕರೆಂಟಿನದು, ಅರ್ಥಿಂಗಿನದು. ಇಪ್ಪತ್ತೈದು ಸಾವಿರದ ಮಷಿನ್ ತಂದು ಅದೇ ಜಗುಲಿಯಲ್ಲಿ ಅದೇ ಪ್ಲಗ್ಗಿಗೆ ಹಾಕಿದರೆ, ಒದ್ದೆ ಬೋರ್ಡು ಮತ್ತೆ ಉಬ್ಬುತ್ತದೆ, ಕೈ ಮತ್ತೆ ಜುಮ್ಮೆನ್ನುತ್ತದೆ. ಶಿವಮೊಗ್ಗದಲ್ಲಿ ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ನನ್ನ ಮೇಜಿನ ಮೇಲೂ ಒಂದು ಅಗ್ಗದ ಬ್ಲೋವರ್ ಇದೆ, ಇವತ್ತಿಗೂ ದಿನಾ ಉರಿಯುತ್ತದೆ.

ಮೊದಲು ಜುಮ್ಮೆನ್ನುವ ವಿಷಯ, ಯಾಕೆಂದರೆ ಇದರಲ್ಲಿ ಜೀವಕ್ಕೆ ಅಪಾಯವಿದೆ. ಇದು ಬಗೆಹರಿಯುವ ತನಕ ಮಷಿನ್ ಹಚ್ಚಬೇಡಿ.

‘ಅಗ್ಗದ ಮಷಿನ್ ಅಂದ ಮೇಲೆ ಸ್ವಲ್ಪ ಶಾಕ್ ಇದ್ದೇ ಇರುತ್ತದೆ, ರಬ್ಬರ್ ಚಪ್ಪಲಿ ಹಾಕಿಕೊಂಡರಾಯಿತು’ ಎನ್ನುವ ಮಾತನ್ನು ನಾನೂ ಕೇಳಿದ್ದೇನೆ. ಅದನ್ನು ನಂಬಬೇಡಿ. ಜುಮ್ಮೆನ್ನುವುದಕ್ಕೆ ಎರಡು ಕಾರಣಗಳಿರಬಹುದು. ಒಂದು, ಮಷಿನ್ ಸರಿಯಾಗಿಯೇ ಇದ್ದು ಮನೆಯ ಅರ್ಥಿಂಗ್ ಇಲ್ಲದಿರುವುದು. ಒಳಗೆ ಎಸ್‌ಎಂಪಿಎಸ್ (ಸ್ವಿಚಿಂಗ್ ಪವರ್ ಸಪ್ಲೈ) ಇರುವ ಮಷಿನ್‌ಗಳಲ್ಲಿ ಮೈನ್ಸ್‌ನಿಂದ ಅರ್ಥ್ ಕಡೆಗೆ ಸಣ್ಣ ಫಿಲ್ಟರ್ ಕಂಡೆನ್ಸರ್‌ಗಳಿರುತ್ತವೆ. ಅರ್ಥ್ ತಂತಿ ಭೂಮಿಗೆ ಮುಟ್ಟಿಲ್ಲದಿದ್ದರೆ ಲೋಹದ ಭಾಗವೆಲ್ಲ 230 ವೋಲ್ಟ್‌ನ ಅರ್ಧದಷ್ಟರ ಮೇಲೆ ತೇಲುತ್ತಾ ನಿಲ್ಲುತ್ತದೆ. ಹರಿಯುವ ಕರೆಂಟು ತೀರಾ ಕಡಿಮೆ, ಹಾಗಾಗಿ ಬರೀ ಜುಮ್ಮೆನ್ನುತ್ತದೆ. ಅಷ್ಟೇ ಕರೆಂಟು ಸಣ್ಣ ಐಸಿಯನ್ನು ಸದ್ದಿಲ್ಲದೆ ಕೊಲ್ಲಲು ಸಾಕು. ಎರಡನೆಯದು, ಹೀಟರಿನ ಇನ್ಸುಲೇಶನ್ ಕೆಟ್ಟು ಫೇಸ್ ನೇರವಾಗಿ ಲೋಹಕ್ಕೆ ಬರುವುದು. ಐರನ್ ಸಾಮಾನ್ಯವಾಗಿ 24 ವೋಲ್ಟ್‌ನಲ್ಲಿ ನಡೆಯುತ್ತದೆ. ಬ್ಲೋವರಿನ ಹೀಟರ್ ಹಾಗಲ್ಲ, ನಿಮ್ಮ ಕೈಯಲ್ಲಿರುವ ಹಿಡಿಯೊಳಗೇ 230 ವೋಲ್ಟ್ ಓಡಾಡುತ್ತಿರುತ್ತದೆ. ಅಲ್ಲಿ ಇನ್ಸುಲೇಶನ್ ಕೆಟ್ಟರೆ ಜುಮ್ಮೆನ್ನುವುದಕ್ಕೇ ನಿಲ್ಲುವುದಿಲ್ಲ.

ಎರಡರಲ್ಲಿ ಯಾವುದೆಂದು ಮಲ್ಟಿಮೀಟರ್ ಹೇಳುತ್ತದೆ. ಪ್ಲಗ್ ಕಿತ್ತು ಕೈಯಲ್ಲಿ ಹಿಡಿಯಿರಿ. ಪ್ಲಗ್ಗಿನ ದಪ್ಪ ಅರ್ಥ್ ಪಿನ್ನಿನಿಂದ ಐರನ್ನಿನ ಬಿಟ್ಟಿಗೆ ಓಮ್ಸ್ ನೋಡಿ, ಎರಡು ಓಮ್‌ನೊಳಗೆ ಬರಬೇಕು. ಬ್ಲೋವರಿನ ಲೋಹದ ಮೂತಿಗೂ ಹಾಗೆಯೇ. ಅಗ್ಗದ ಮಷಿನ್‌ಗಳಲ್ಲಿ ಈ ಮೂತಿಗೆ ಅರ್ಥ್ ತಂತಿಯನ್ನೇ ಕೊಡದೆ ಬಿಟ್ಟಿರುವುದುಂಟು. ಮೀಟರ್ ಓಪನ್ ತೋರಿಸಿದರೆ ಅಂಥ ಮಷಿನ್ ವಾಪಸ್ ಕಳಿಸಿ, ಇಲ್ಲವೆ ತಿಳಿದವರ ಎದುರಿಗೆ ಬಿಚ್ಚಿ ತಂತಿ ಹಾಕಿಸಿ. ಆಮೇಲೆ ಮಷಿನ್ ಸ್ವಿಚ್ಚು ಆನ್ ಸ್ಥಿತಿಯಲ್ಲಿಟ್ಟು (ಪ್ಲಗ್ ಕೈಯಲ್ಲೇ ಇರಲಿ), ಫೇಸ್ ಪಿನ್ನಿನಿಂದ ಬಿಟ್ಟಿಗೂ ಮೂತಿಗೂ ಮೆಗಾಓಮ್ ರೇಂಜಿನಲ್ಲಿ ನೋಡಿ. ಏನೂ ತೋರಿಸಬಾರದು. ತೋರಿಸಿದರೆ ಹೀಟರ್ ಕೆಟ್ಟಿದೆ. ಇನ್ನೊಂದು ಪರೀಕ್ಷೆ: ಮಷಿನ್ ಸ್ವಿಚ್ಚು ಆಫ್ ಮಾಡಿ, ಸ್ವಿಚ್ಚು ಕಡಿಯುತ್ತಿರುವುದು ಫೇಸನ್ನೋ ನ್ಯೂಟ್ರಲನ್ನೋ ನೋಡಿ. ಕೆಲವು ಅಗ್ಗದ ಮಷಿನ್‌ಗಳಲ್ಲಿ ಸ್ವಿಚ್ಚು, ಫ್ಯೂಸು ಎರಡೂ ನ್ಯೂಟ್ರಲ್ ಮೇಲೆ ಕೂತಿರುತ್ತವೆ; ಆಫ್ ಮಾಡಿದರೂ ಹೀಟರಿನ ತನಕ ಫೇಸ್ ಜೀವಂತವಾಗಿರುತ್ತದೆ. ಗೋಡೆಯ ಸಾಕೆಟ್ಟಿನಲ್ಲೇ ತಂತಿ ಅದಲುಬದಲಾಗಿದ್ದರೂ ಇದೇ ಗತಿ. ಎದುರಿಗೆ ನಿಂತು ನೋಡಿದಾಗ ಅರ್ಥ್ ತೂತು ಮೇಲಿದ್ದರೆ ಬಲಗಡೆ ಫೇಸ್ ಇರಬೇಕು, ಅದೇ ನಿಯಮ.

ಇನ್ನು ಮನೆಯ ಅರ್ಥಿಂಗ್. ಮೂರು ತೂತಿದ್ದ ಮಾತ್ರಕ್ಕೆ ಅರ್ಥ್ ಇದೆ ಎಂದಲ್ಲ. ನನ್ನ ಮೊದಲ ಅಂಗಡಿ ಬಾಡಿಗೆಯ ಕೋಣೆ. ಆರು ತಿಂಗಳು ಐಸಿಗಳು ವಿನಾಕಾರಣ ಸಾಯುತ್ತಿದ್ದವು, ಬಿಟ್ಟನ್ನು ಬೈದೆ, ಐಸಿ ಕೊಟ್ಟವನನ್ನು ಬೈದೆ. ಕೊನೆಗೆ ಸಾಕೆಟ್ ಬಿಚ್ಚಿದರೆ ಅರ್ಥ್ ತೂತಿನ ಹಿಂದೆ ತಂತಿಯೇ ಇರಲಿಲ್ಲ. ಹಳೆಯ ಮನೆಗಳಲ್ಲಿ ಇನ್ನೊಂದು ಕೆಟ್ಟ ರೂಢಿಯಿದೆ, ಅರ್ಥ್ ಪಿನ್ನಿಗೆ ನ್ಯೂಟ್ರಲ್‌ನಿಂದ ಲೂಪ್ ಎಳೆದುಬಿಡುವುದು. ದೂರದಲ್ಲೆಲ್ಲೋ ನ್ಯೂಟ್ರಲ್ ಕಡಿದ ದಿನ ಮಷಿನ್‌ನ ಮೈಯೆಲ್ಲ ಫೇಸ್ ಆಗುತ್ತದೆ. ಆ ಲೂಪ್ ಇದ್ದರೆ ಇವತ್ತೇ ತೆಗೆಸಿ. ಎರಡೂವರೆ ಮೀಟರಿನ ಜಿಐ ಪೈಪು ಹೂಳಿಸಿ ನಿಜವಾದ ಅರ್ಥಿಂಗ್ ಮಾಡಿಸಿ. ನಮ್ಮ ಜಂಬಿಟ್ಟಿಗೆ ನೆಲ ಮಳೆಗಾಲದಲ್ಲಿ ಚೆನ್ನಾಗಿ ಹಿಡಿಯುತ್ತದೆ, ಮಾರ್ಚ್ ಹೊತ್ತಿಗೆ ಒಣಗಿ ಅರ್ಥ್ ಸತ್ತಂತಾಗುತ್ತದೆ; ಬಚ್ಚಲ ನೀರು ಹರಿಯುವ ಕಡೆ ಹೂಳಿದರೆ ಬೇಸಿಗೆಯಲ್ಲೂ ತೇವ ಉಳಿಯುತ್ತದೆ. ಮೇಜಿನ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಭೂಮಿಗೆ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ಚು) ಒಂದನ್ನು ಹಾಕಿಸಿ. ಹೊಸ ಮಷಿನ್‌ಗೆ ಎತ್ತಿಡಬೇಕೆಂದಿದ್ದ ಹಣದಲ್ಲಿ ಮೊದಲ ಖರ್ಚು ಇದೇ ಆಗಲಿ.

ಈಗ ಉಬ್ಬಿದ ಬೋರ್ಡು. ನಿಮ್ಮ ಪತ್ರದಲ್ಲಿ ‘ಮಳೆ ಹಿಡಿದ ಮೇಲೆ’ ಎಂಬ ಮಾತು ಓದಿದಾಗಲೇ ಕಾರಣ ಗೊತ್ತಾಯಿತು.

ಹೆಚ್ಚಿನ ಬೋರ್ಡುಗಳು ಗಾಜಿನ ನೂಲಿನ ಬಟ್ಟೆಗೆ ಎಪಾಕ್ಸಿ ಅಂಟು ಹಾಕಿ ಪದರ ಪದರವಾಗಿ ಒತ್ತಿ ಮಾಡಿದವು. ನೋಡಲು ಕಲ್ಲಿನಂತಿದ್ದರೂ ನಿಧಾನಕ್ಕೆ ತೇವ ಕುಡಿಯುತ್ತವೆ. ಆಗುಂಬೆ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಹೊಯ್ಯುತ್ತದೆ, ನಿಮ್ಮ ಹೊಸನಗರದ ಹುಲಿಕಲ್ ಅದಕ್ಕೇನೂ ಕಡಿಮೆಯಿಲ್ಲ. ತೋಟದ ಅಂಚಿನ ಕಂಬದ ಮೇಲೆ ಮೂರು ಮಳೆಗಾಲ ಕಳೆದ ಬೇಲಿ ಮಷಿನ್ನಿನ ಬೋರ್ಡು ಎಷ್ಟು ತೇವ ಕುಡಿದಿರಬಹುದು ಲೆಕ್ಕ ಹಾಕಿ. ಅದರ ಮೇಲೆ ತಟಕ್ಕನೆ 400 ಡಿಗ್ರಿಯ ಗಾಳಿ ಬಿಟ್ಟಿರಿ. ನೀರು ಆವಿಯಾದರೆ ಸುಮಾರು 1700 ಪಟ್ಟು ಹಿಗ್ಗುತ್ತದೆ. ಸಾಧಾರಣ ಬೋರ್ಡಿನ ಅಂಟು 130–140 ಡಿಗ್ರಿ ದಾಟಿದ ಮೇಲೆ ಬಿಗಿ ಕಳೆದುಕೊಂಡು ಮೆತ್ತಗಾಗುತ್ತದೆ. ಒಳಗೆ ಆವಿಗೆ ಹೊರಬರಲು ದಾರಿಯಿಲ್ಲ, ಪದರಗಳಿಗೆ ಹಿಡಿದುಕೊಳ್ಳಲು ಶಕ್ತಿಯಿಲ್ಲ. ನೀವು ಕೇಳಿದ ಚಟ್ ಎಂಬ ಸದ್ದು ಪದರ ಹರಿದ ಸದ್ದು. ಐಸಿಯ ಕಪ್ಪು ಮೈಯೂ ತೇವ ಕುಡಿಯುತ್ತದೆ, ಅದೂ ಹೀಗೆಯೇ ಒಳಗೊಳಗೆ ಬಿರಿಯುತ್ತದೆ. ಮೇಲೆ ಏನೂ ಕಾಣದೆ, ಹೊಸ ಐಸಿ ಹಾಕಿದರೂ ಕೆಲಸ ಮಾಡಲಿಲ್ಲ ಎಂದು ನಾವು ತಲೆ ಕೆಡಿಸಿಕೊಳ್ಳುವುದು ಇಂಥ ಕಡೆ.

ಚಾಲಿ ಅಡಿಕೆ ಮಾಡುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಿಪ್ಪೆ ಒಣಗಿದ ಮಾತ್ರಕ್ಕೆ ಒಳಗಿನ ಅಡಿಕೆ ಒಣಗಿರುವುದಿಲ್ಲ. ಬೋರ್ಡನ್ನು ಬಟ್ಟೆಯಲ್ಲಿ ಒರೆಸಿ, ಬ್ಲೋವರಿನಿಂದ ಎರಡು ನಿಮಿಷ ಗಾಳಿ ಹೊಡೆದರೆ ಒಣಗುವುದು ಸಿಪ್ಪೆ ಮಾತ್ರ. ಅಕ್ಕಿ ಡಬ್ಬದಲ್ಲಿ ಹೂತಿಡುವುದರಿಂದ ಅಷ್ಟೂ ಆಗುವುದಿಲ್ಲ. ನಮ್ಮ ಮಳೆಗಾಲದಲ್ಲಿ ಅಕ್ಕಿಯೇ ತೇವ ಹಿಡಿದು ಕೂತಿರುತ್ತದೆ, ಅದು ಬೋರ್ಡಿನ ಒಳಪದರದಿಂದ ನೀರೆಳೆಯುವುದು ಹೇಗೆ? ಅಕ್ಕಿಯ ಪುಡಿ ಜ್ಯಾಕಿನೊಳಗೆ ಹೊಕ್ಕ ಮೊಬೈಲುಗಳನ್ನು ಮಾತ್ರ ಬೇಕಾದಷ್ಟು ನೋಡಿದ್ದೇನೆ.

ನಾನು ಮಾಡುವುದು ಇಷ್ಟು. ಹಳೆಯ ಎಣ್ಣೆ ಡಬ್ಬಿಯೊಂದನ್ನು ಅಡ್ಡ ಮಲಗಿಸಿ, ಒಳಗೆ 60 ವಾಟಿನ ಹಳೇ ತಂತಿ ಬಲ್ಬು ಹಾಕಿ, ಮೇಲ್ಗಡೆ ನಾಲ್ಕು ತೂತು ಕೊರೆದಿದ್ದೇನೆ. ಡಬ್ಬಿಗೆ ಅರ್ಥ್ ತಂತಿ ಕೊಟ್ಟಿದ್ದೇನೆ. ಬಲ್ಬಿಗೂ ಬೋರ್ಡಿಗೂ ನಡುವೆ ಒಂದು ತಗಡಿನ ಅಡ್ಡ. ಬೋರ್ಡು ಕೂರುವ ಜಾಗದಲ್ಲಿ 70 ಡಿಗ್ರಿ ಆಸುಪಾಸು ಬರುವಂತೆ ಥರ್ಮಾಮೀಟರ್ ಇಟ್ಟು ನೋಡಿಕೊಂಡಿದ್ದೇನೆ. ಬ್ಯಾಟರಿ, ಡಿಸ್‌ಪ್ಲೇ ತೆಗೆದು, ಬೋರ್ಡನ್ನು ಮೊದಲು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಬ್ರಷ್‌ನಲ್ಲಿ ತೊಳೆದು, ರಾತ್ರಿಯಿಡೀ ಅದರೊಳಗೆ ಬಿಡುತ್ತೇನೆ. ಜೂನ್‌ನಿಂದ ಅಕ್ಟೋಬರ್ ತನಕ ಬ್ಲೋವರ್ ತಾಗಬೇಕಾದ ಯಾವ ಬೋರ್ಡನ್ನೂ ಡಬ್ಬಿಗೆ ಹಾಕದೆ ಮುಟ್ಟುವುದಿಲ್ಲ. ಗಿರಾಕಿ ಈಗಲೇ ಬೇಕು ಎಂದರೆ, ನಾಳೆ ಬನ್ನಿ ಎನ್ನುತ್ತೇನೆ. ಒಂದು ದಿನ ತಡವಾದರೆ ಮುನಿಸಿಕೊಳ್ಳುತ್ತಾರೆ, ಬೋರ್ಡು ಉಬ್ಬಿದರೆ ಮತ್ತೆ ಬರುವುದೇ ಇಲ್ಲ. ಒಲೆಯ ಮೇಲಿನ ಅಟ್ಟದಲ್ಲಿಡಬಹುದೇ ಎಂದು ಒಮ್ಮೆ ಒಬ್ಬರು ಕೇಳಿದ್ದರು. ಬೇಡ, ಅಲ್ಲಿನ ಮಸಿ ಮತ್ತು ಹೊಗೆಯ ಜಿಡ್ಡು ಬೋರ್ಡಿನ ಮೇಲೆ ಕೂತು ಮತ್ತೆ ತೇವ ಹಿಡಿಯುತ್ತದೆ.

ತೊಳೆಯಲು ಪೆಟ್ರೋಲು, ಥಿನ್ನರ್ ಬಳಸುವವರಿದ್ದಾರೆ. ಬ್ಲೋವರ್ ಇರುವ ಮೇಜಿನ ಹತ್ತಿರ ಅದು ಬೆಂಕಿಗೆ ಕೊಟ್ಟ ಆಹ್ವಾನ. ಐಪಿಎ ಕೂಡ ಹೊತ್ತಿಕೊಳ್ಳುತ್ತದೆ, ಪೂರ್ತಿ ಆರಿದ ಮೇಲೆಯೇ ಬಲ್ಬಿನ ಡಬ್ಬಿಗೆ ಹಾಕಿ.

ಸಂಜೆ ಕರಗದ ಲೆಡ್ಡಿನ ವಿಷಯಕ್ಕೆ ಬರೋಣ. ಸಂಜೆ ಏಳಕ್ಕೆ ನಿಮ್ಮ ಸಾಕೆಟ್ಟಿನಲ್ಲಿ ಎಷ್ಟು ವೋಲ್ಟ್ ಇದೆ ನೋಡಿದ್ದೀರಾ? ಟ್ರಾನ್ಸ್‌ಫಾರ್ಮರಿನಿಂದ (ಟಿಸಿ) ದೂರದ ಮನೆಗಳಲ್ಲಿ 170ಕ್ಕೆ ಇಳಿದದ್ದನ್ನು ನಾನೇ ಅಳೆದಿದ್ದೇನೆ. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230ರಲ್ಲಿ 700 ವಾಟ್ ಕೊಡುವ ಬ್ಲೋವರ್ 170ರಲ್ಲಿ ಕೊಡುವುದು ಸುಮಾರು 380 ವಾಟ್. ವೋಲ್ಟೇಜು ಕಾಲುಭಾಗ ಇಳಿದರೆ ಕಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಆಗ ನೀವು ನಾಬ್ ತಿರುಗಿಸಿ 450 ಮಾಡುತ್ತೀರಿ. ಪಕ್ಕದ ತೋಟದ ಪಂಪು ನಿಂತಿತು, ವೋಲ್ಟೇಜು ಏರಿತು, ಮಷಿನ್ ನೀವು ಹೇಳಿದ 450ಕ್ಕೆ ನಿಷ್ಠೆಯಿಂದ ಹೋಗಿ ಮುಟ್ಟಿತು. ನಿಮ್ಮ ಜ್ಯಾಕಿನ ಪ್ಲಾಸ್ಟಿಕ್ ಕರಗಿದ್ದು ಹೀಗೆ ಒಂದು ಸಂಜೆಯೇ ಎಂದು ನನ್ನ ಊಹೆ. ವೋಲ್ಟೇಜು ಕಡಿಮೆಯಿರುವಾಗ ಡಿಗ್ರಿ ಏರಿಸಬೇಡಿ, ಗಾಳಿ ತುಸು ಇಳಿಸಿ. ಇರುವ ಕಾವು ಕಡಿಮೆ ಗಾಳಿಗೆ ಸಾಲುತ್ತದೆ. ಆದರೆ ಗಾಳಿಯನ್ನು ತೀರಾ ಕನಿಷ್ಠಕ್ಕೆ ತಂದು ಸಣ್ಣ ಮೂತಿ ಹಾಕಬೇಡಿ, ಹೀಟರಿನ ಕಾವು ಹೊರಹೋಗದೆ ಅದೇ ಸುಟ್ಟುಹೋಗುತ್ತದೆ. ಒಂದು ಕೆವಿಎ ಸ್ಟೆಬಿಲೈಸರ್ ಹಾಕಿದರೆ ಒಳ್ಳೆಯದು, ಟಿವಿಯ ಸಣ್ಣ ಸ್ಟೆಬಿಲೈಸರ್ ಸಾಲದು. ಯಾವಾಗಲೂ ಹೀಗೇ ಇದ್ದರೆ ದಿನ, ಹೊತ್ತು, ವೋಲ್ಟ್ ಬರೆದಿಟ್ಟುಕೊಂಡು ಮೆಸ್ಕಾಂ ಶಾಖೆಗೆ ಅರ್ಜಿ ಕೊಡಿ. ಅಂಕಿ ಬರೆದ ಅರ್ಜಿಗೆ ತೂಕ ಹೆಚ್ಚು.

ಬ್ಲೋವರ್ ಕೆಲಸ ಮುಗಿದ ಮೇಲೆ ಸ್ಟ್ಯಾಂಡಿಗೆ ಹಾಕಿದಾಗ ಫ್ಯಾನ್ ಮಾತ್ರ ತಿರುಗುತ್ತಾ 100 ಡಿಗ್ರಿ ಕೆಳಗೆ ತಣಿಸುತ್ತದೆ. ಅದು ನಿಲ್ಲುವ ಮುಂಚೆ ಗೋಡೆಯ ಸ್ವಿಚ್ಚು ಆರಿಸಬೇಡಿ. ಗಾಳಿ ಮಳೆಗೆ ಕರೆಂಟು ಹೋಗಿ ಬಂದು ಮಾಡುತ್ತಿರುವ ದಿನ, ಗುಡುಗು ಕೇಳಿಸುತ್ತಿರುವ ದಿನ ಬ್ಲೋವರ್ ಕೆಲಸವನ್ನೇ ಎತ್ತಿಕೊಳ್ಳಬೇಡಿ.

ಡಿಸ್‌ಪ್ಲೇಯಲ್ಲಿ ಕಾಣುವ ಅಂಕಿಯ ಬಗ್ಗೆ ಒಂದು ಮಾತು, ಮಷಿನ್‌ನ ಪಾಲಿನ ತಪ್ಪು ಇರುವುದು ಇಲ್ಲಿ. ಸೆನ್ಸರ್ ಕೂತಿರುವುದು ಹೀಟರಿನ ಬಳಿ. ಬೋರ್ಡಿಗೆ ತಾಗುವ ಗಾಳಿಯ ಬಿಸಿ ಬೇರೆಯೇ. ನಾನು ಅಳೆದ ಅಗ್ಗದ ಮಷಿನ್‌ಗಳಲ್ಲಿ ಐವತ್ತು ಡಿಗ್ರಿಯ ತನಕ ವ್ಯತ್ಯಾಸ ಕಂಡಿದ್ದೇನೆ, ಕೆಲವು ಮೇಲಕ್ಕೆ, ಕೆಲವು ಕೆಳಕ್ಕೆ. ಮಲ್ಟಿಮೀಟರಿಗೆ ಸಿಗಿಸುವ ಕೆ ಟೈಪ್ ಥರ್ಮೋಕಪಲ್ ತಂತಿ ಅಗ್ಗಕ್ಕೆ ಸಿಗುತ್ತದೆ. ಮೂತಿಯಿಂದ ಒಂದು ಸೆಂಟಿಮೀಟರ್ ದೂರ ಹಿಡಿದು 250, 300, 350ಕ್ಕೆ ನಿಜವಾಗಿ ಎಷ್ಟು ಬರುತ್ತದೆಂದು ಅಳೆದು, ಒಂದು ಚೀಟಿ ಬರೆದು ಮಷಿನ್ ಮೇಲೆ ಅಂಟಿಸಿ. ದುಬಾರಿ ಮಷಿನ್ ಕೊಡುವ ಅನುಕೂಲದ ದೊಡ್ಡ ಪಾಲು ಈ ಒಂದು ಚೀಟಿಯಲ್ಲಿ ಸಿಗುತ್ತದೆ.

ಕರಗಬೇಕಾದ ಲೆಡ್ಡಿಗೆ ನಿಜಕ್ಕೂ ಎಷ್ಟು ಬಿಸಿ ಬೇಕು? ನಾವು ಬಳಸುವ 63/37 ಲೆಡ್ (63 ಪಾಲು ತವರ, 37 ಪಾಲು ಸೀಸ) 183 ಡಿಗ್ರಿಗೆ ಕರಗುತ್ತದೆ. 2006ರಲ್ಲಿ ಯೂರೋಪು ಸೀಸಕ್ಕೆ ಕಡಿವಾಣ ಹಾಕಿದ ಮೇಲೆ ಕಾರ್ಖಾನೆಗಳು ಸೀಸವಿಲ್ಲದ ಲೆಡ್ಡಿಗೆ ಹೋದವು, ಅದಕ್ಕೆ 217 ಬೇಕು. ಅಂದರೆ ಬೆಸುಗೆಯ ಜಾಗ 235–240ಕ್ಕೆ ಬಂದರೆ ಸಾಕು, 450ರ ಮಾತೇ ಇಲ್ಲ. ಕಷ್ಟ ಇರುವುದು ಆ ಬಿಸಿ ಅಲ್ಲಿಗೆ ತಲುಪುವುದರಲ್ಲಿ. ಬೋರ್ಡಿನ ಗ್ರೌಂಡ್ ಭಾಗದ ತಾಮ್ರದ ಹಾಳೆ ಅಗಲವಾಗಿರುತ್ತದೆ, ಕೊಟ್ಟ ಕಾವನ್ನೆಲ್ಲ ಹಂಚಿಬಿಡುತ್ತದೆ. ಅದಕ್ಕೆ ಮೊದಲು ಇಡೀ ಬೋರ್ಡನ್ನು ಬೆಚ್ಚಗೆ ಮಾಡಿಕೊಳ್ಳಬೇಕು. ನಾಲ್ಕು ಬೆರಳು ದೂರದಿಂದ, 150–180ಕ್ಕಿಟ್ಟು, ಹಿಂದೆ ಮುಂದೆ ಎರಡು ಮೂರು ನಿಮಿಷ ಆಡಿಸಿ. ಆಮೇಲೆ ಪೇಸ್ಟ್ (ಲೆಡ್ ಹರಿದು ಹಿಡಿಯಲು ಹಚ್ಚುವ ಫ್ಲಕ್ಸ್) ಹಚ್ಚಿ, ಸೀಸದ ಲೆಡ್ ಸ್ವಲ್ಪ ಬೆರೆಸಿ, ನಿಜವಾದ 330–350 ಗಾಳಿಯಲ್ಲಿ ಐಸಿಯ ಅಂಚುಗಳ ಸುತ್ತ ಸುತ್ತಿಸಿ. ಗಾಳಿಯನ್ನು ಐಸಿಯ ನಡುಭಾಗದ ಮೇಲೇ ಹಿಡಿದು ನಿಲ್ಲಿಸಬೇಡಿ.

ಜ್ಯಾಕಿಗೆ ಮೇಲಿನಿಂದ ಗಾಳಿ ಕೊಡುವುದೇ ತಪ್ಪು. ಬೋರ್ಡು ಮಗುಚಿ ಕೆಳಗಿನಿಂದ ಕೊಡಿ, ಅಕ್ಕಪಕ್ಕದ ಪ್ಲಾಸ್ಟಿಕ್ ಭಾಗಗಳಿಗೆ ಕಾವು ತಡೆಯುವ ಕ್ಯಾಪ್ಟಾನ್ ಟೇಪು ಸುತ್ತಿ. ಪ್ಯಾಡ್ ಯಾಕೆ ಕಿತ್ತು ಬಂತು ಗೊತ್ತೇ? ಮೂರು ಕಾಲು ಕರಗಿತ್ತು, ನಾಲ್ಕನೆಯದು ಕರಗಿರಲಿಲ್ಲ, ನೀವು ಎಳೆದಿರಿ. ಬಿಸಿಯಾದ ಬೋರ್ಡಿನಲ್ಲಿ ತಾಮ್ರವನ್ನು ಹಿಡಿದಿರುವ ಅಂಟು ಆಗಲೇ ಮೆತ್ತಗಾಗಿರುತ್ತದೆ. ಚಿಮಟದ ತುದಿಯಲ್ಲಿ ಮೆಲ್ಲಗೆ ತಾಗಿಸಿದರೆ ಭಾಗ ತಾನೇ ತೇಲಿ ಸರಿಯಬೇಕು. ಸರಿಯದಿದ್ದರೆ ಇನ್ನೂ ಬೆಂದಿಲ್ಲ ಎಂದರ್ಥ, ಕಾಯಿರಿ. ತೀರಾ ನಾಜೂಕಿನ ಜಾಗಕ್ಕೆ ಬಿಸ್ಮತ್ ಬೆರೆತ ಲೆಡ್ ಸಿಗುತ್ತದೆ, 138 ಡಿಗ್ರಿಗೇ ಕರಗುತ್ತದೆ. ತೆಗೆಯಲು ಮಾತ್ರ ಅದನ್ನು ಬಳಸಿ, ಆಮೇಲೆ ಲೆಡ್ ಹೀರುವ ತಾಮ್ರದ ಬತ್ತಿಯಲ್ಲಿ (ವಿಕ್) ಪೂರ್ತಿ ಹೀರಿ ತೆಗೆದು ಮಾಮೂಲಿ ಲೆಡ್ಡಿನಲ್ಲಿ ಕೂರಿಸಿ. ಉಳಿದುಕೊಂಡರೆ ಆ ಬೆಸುಗೆ ಗಡುಸಾಗಿ ಬಿರಿಯುತ್ತದೆ, ಜ್ಯಾಕಿನಂಥ ದಿನಾ ಎಳೆದಾಡುವ ಜಾಗದಲ್ಲಿ ಬಾಳುವುದಿಲ್ಲ.

ಇಂಡಕ್ಷನ್ ಒಲೆಯ ಐಜಿಬಿಟಿ (ಪವರ್ ಟ್ರಾನ್ಸಿಸ್ಟರ್), ಸ್ಟಾರ್ಟರಿನ ರಿಲೇ, ದುಂಡಗಿನ ಕಂಡೆನ್ಸರ್, ಇವಕ್ಕೆ ಬ್ಲೋವರ್ ಬೇಡವೇ ಬೇಡ. ಐರನ್ನು, ಕರಗಿದ ಲೆಡ್ ಹೀರುವ ಸಕ್ಕರ್ ಸಾಕು. ಕಂಡೆನ್ಸರಿಗೆ ಬಿಸಿ ಗಾಳಿ ಹಿಡಿದರೆ ಸಿಡಿಯುತ್ತದೆ, ಕಣ್ಣಿಗೆ ಅಪಾಯ. ಬಿಚ್ಚಿದ ಕೂಡಲೇ ಮುಟ್ಟಲೂ ಬೇಡಿ: 230 ವೋಲ್ಟ್ ಮೈನ್ಸಿನಿಂದ ತುಂಬಿದ ಕಂಡೆನ್ಸರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ಕೂತಿರಬಹುದು. ಬೇಲಿ ಮಷಿನ್ನಿನಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು, ಒಳಗಿನ ಕಂಡೆನ್ಸರಿನಲ್ಲಿ ನೂರಾರು ವೋಲ್ಟ್, ಹೊರಗೆ ಹೋಗುವುದು ಸಾವಿರಾರು ವೋಲ್ಟಿನ ಹೊಡೆತ. ರೆಸಿಸ್ಟರ್ ಹಾಕಿ ಖಾಲಿ ಮಾಡಿ, ಮೀಟರ್ ಹಿಡಿದು ಸೊನ್ನೆ ಕಂಡ ಮೇಲೆ ಐರನ್ ಹಿಡಿಯಿರಿ. ಮೈನ್ಸಿಗೆ ಕೊಡುವ ಬೋರ್ಡು ರಿಪೇರಿಯಾದ ಮೇಲೆ ಮೊದಲ ಸಲ ಸೀರೀಸ್ ಬಲ್ಬಿನಲ್ಲೇ (ಲೈನಿನ ನಡುವೆ ಬಲ್ಬು ಸೇರಿಸಿ) ಹಚ್ಚಿ ನೋಡಿ.

ಬಿಟ್ಟನ್ನು ಅರದಲ್ಲಿ ಉಜ್ಜುವುದು ಒಂದು ಕಾಲಕ್ಕೆ ಸರಿಯಾಗಿತ್ತು. ಹಿಂದಿನ 25 ವಾಟಿನ ಐರನ್ನಿನ ಬಿಟ್ಟು ಬರೀ ತಾಮ್ರ, ಸವೆದಷ್ಟೂ ಅರ ಹಾಕಿ ಹೊಸ ಮೈ ಮಾಡಿಕೊಳ್ಳಬಹುದಿತ್ತು. ನಮಗೆ ಕಲಿಸಿದ ಹಿರಿಯರ ಕೈಗೆ ಆ ರೂಢಿ ಬಂದದ್ದು ಅಲ್ಲಿಂದ. ಈಗಿನ ಬಿಟ್ಟು ತಾಮ್ರದ ಮೇಲೆ ತೆಳ್ಳಗೆ ಕಬ್ಬಿಣದ ಲೇಪ ಕೂರಿಸಿದ್ದು. ಅರ ತಾಗಿದರೆ ಲೇಪ ಹೋಯಿತು, ಲೆಡ್ಡು ಒಳಗಿನ ತಾಮ್ರವನ್ನು ತಿನ್ನತೊಡಗುತ್ತದೆ. ಹಿತ್ತಾಳೆಯ ನಾರಿನಲ್ಲಿ ಒರೆಸಿ, ಕೂಡಲೇ ಲೆಡ್ ಹಚ್ಚಿ. ಆರಿಸುವ ಮುಂಚೆಯೂ ದಪ್ಪಗೆ ಲೆಡ್ ಹಚ್ಚಿಯೇ ಆರಿಸಿ. 330–350ಕ್ಕಿಂತ ಮೇಲೆ ಇಡಬೇಡಿ, ಹತ್ತು ನಿಮಿಷ ಕೆಲಸವಿಲ್ಲದಿದ್ದರೆ ಆರಿಸಿ. ಮಷಿನ್ ಜೊತೆ ಬರುವ ಸೂಜಿಮೊನೆ ಬಿಟ್ಟನ್ನು ತೆಗೆದಿಡಿ. ಅದರ ಮೊನೆಗೆ ಕಾವು ಸರಿಯಾಗಿ ಹರಿಯುವುದಿಲ್ಲ, ಹಾಗಾಗಿ ನೀವು ಡಿಗ್ರಿ ಏರಿಸುತ್ತೀರಿ, ಬಿಟ್ಟು ಕರಿಯಾಗುತ್ತದೆ. 2.4 ಮಿಲಿಮೀಟರಿನ ಉಳಿಮೊನೆ ಬಿಟ್ಟು ಒಂದು, ಚಾಕುವಿನ ಆಕಾರದ್ದು ಒಂದು ತಂದುಕೊಳ್ಳಿ. ಮುಕ್ಕಾಲು ಕೆಲಸ ಅವೆರಡರಲ್ಲೇ ಆಗುತ್ತದೆ.

ನಿಮ್ಮ ಅಮ್ಮನ ಹೆದರಿಕೆ ಸರಿಯಾದದ್ದೇ, ಆದರೆ ಅವರು ಬೆರಳು ತೋರಿಸುತ್ತಿರುವುದು ಬೇರೆ ಕಡೆ. ಬೆಸುಗೆಯ ಬಿಸಿಗೆ ಸೀಸ ಆವಿಯಾಗಿ ಏಳುವುದಿಲ್ಲ. ಅದು ಕುದಿಯಲು 1749 ಡಿಗ್ರಿ ಬೇಕು. ಕಾಣುವ ಹೊಗೆ ಪೇಸ್ಟಿನದು, ರಾಳದ್ದು. ಅದರಲ್ಲಿ ಸೀಸವಿಲ್ಲವೆಂದು ಉಸಿರೆಳೆದುಕೊಳ್ಳುವಂತಿಲ್ಲ, ವರ್ಷಗಟ್ಟಲೆ ಎಳೆದುಕೊಂಡವರಿಗೆ ಅಸ್ತಮಾ ಹಿಡಿಯಬಹುದು. ಬೇಲಿ ಮಷಿನ್ನಿನ ಬೋರ್ಡಿಗೆ ಬಳಿದಿರುವ ವಾರ್ನಿಷನ್ನು ಗಾಳಿಯಲ್ಲಿ ಸುಟ್ಟರೆ ಬರುವ ಹೊಗೆ ಇನ್ನೂ ಕೆಟ್ಟದ್ದು, ಅದನ್ನು ಕೆರೆದೇ ತೆಗೆಯಿರಿ. ಹಳೆಯ ಕಂಪ್ಯೂಟರಿನ 12 ವೋಲ್ಟ್ ಫ್ಯಾನನ್ನು ಮೇಜಿನ ಬದಿಯಲ್ಲಿ ಕೂರಿಸಿ, ಹೊಗೆಯನ್ನು ನಿಮ್ಮ ಮುಖದಿಂದ ಆಚೆ ಎಳೆದು ಅಂಗಳಕ್ಕೆ ಬಿಡುವ ಹಾಗೆ ಮಾಡಿ.

ಸೀಸ ಮಗುವಿಗೆ ತಲುಪುವುದು ಕೈಯಿಂದ, ನೆಲದಿಂದ. ಸಕ್ಕರ್ ಖಾಲಿ ಮಾಡುವಾಗ ಉದುರುವ ಪುಡಿ, ಬಿಟ್ಟು ಕೊಡವಿದಾಗ ಸಿಡಿಯುವ ಹನಿ, ಲೆಡ್ ಹಿಡಿದ ಬೆರಳಿನ ಕಂದು ಕೊಳೆ. ಅಂಬೆಗಾಲಿಡುವ ಮಗು ನೆಲದ ಮೇಲಿನದನ್ನೆಲ್ಲ ಬಾಯಿಗಿಡುತ್ತದೆ, ಚಿಕ್ಕ ಮಕ್ಕಳ ಮಿದುಳಿಗೆ ಸೀಸ ನಿಜಕ್ಕೂ ಕೇಡು. ಆದ್ದರಿಂದ ಜಗುಲಿಯ ಮೂಲೆಯನ್ನು ಬಿಟ್ಟು, ಬಾಗಿಲು ಹಾಕಿಕೊಳ್ಳಬಹುದಾದ ಜಾಗಕ್ಕೆ ಮೇಜು ಸಾಗಿಸಿ. ಕೊಟ್ಟಿಗೆಯ ಪಕ್ಕದ ಒಂದು ಸಣ್ಣ ಕೋಣೆಯಾದರೂ ಆದೀತು. ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಎದ್ದು ಹೋಗುವಾಗ ಸಾಬೂನು ಹಾಕಿ ಕೈ ತೊಳೆಯಿರಿ, ಮಗುವನ್ನು ಎತ್ತಿಕೊಳ್ಳುವ ಮುಂಚೆ ಅಂಗಿಯನ್ನೂ ಬದಲಿಸಿ. ನಮ್ಮ ಕಡೆಯವರಿಗೆ ಒಂದು ವಿಶೇಷ ಮಾತು: ಕೆಲಸದ ನಡುವೆ ಕವಳ ಹಾಕಬೇಡಿ. ಲೆಡ್ ಹಿಡಿದ ಕೈಯಲ್ಲೇ ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟರೆ ನೇರವಾಗಿ ಸೀಸ ತಿಂದಂತೆ. ಒಳ್ಳೊಳ್ಳೆಯ ಕೆಲಸಗಾರರು ದಿನಕ್ಕೆ ಹತ್ತು ಸಲ ಹೀಗೆ ಮಾಡುವುದನ್ನು ನೋಡಿ ಸಂಕಟಪಟ್ಟಿದ್ದೇನೆ.

ಈಗ ಹಣದ ಮಾತು. ಮೇಲಿನ ಪರೀಕ್ಷೆಯಲ್ಲಿ ಇನ್ಸುಲೇಶನ್ ಸರಿಯಿದ್ದು ಅರ್ಥ್ ಕೂರಿಸಲು ಆದರೆ ಇದೇ ಮಷಿನ್ ಇಟ್ಟುಕೊಳ್ಳಿ. ಅರ್ಥಿಂಗು, ಸ್ಟೆಬಿಲೈಸರು, ಥರ್ಮೋಕಪಲ್, ಒಳ್ಳೆಯ ಬಿಟ್ಟು, ಒಳ್ಳೆಯ ಪೇಸ್ಟು ಮತ್ತು ಲೆಡ್ಡು, ಬಲ್ಬಿನ ಡಬ್ಬಿ, ಇಷ್ಟಕ್ಕೆ ಖರ್ಚು ಮಾಡಿ. ಅಗ್ಗದ ಮಷಿನ್ ಜೊತೆ ಒಳ್ಳೆಯ ಪೇಸ್ಟು ಕೊಡುವ ಕೆಲಸ, ದುಬಾರಿ ಮಷಿನ್ ಜೊತೆ ಕೆಟ್ಟ ಪೇಸ್ಟು ಕೊಡುವ ಕೆಲಸಕ್ಕಿಂತ ಎಷ್ಟೋ ಮೇಲು. ಕೊಳಾಯಿ, ತಗಡಿನ ಬೆಸುಗೆಗೆ ಬಳಸುವ ಆಸಿಡ್ ಪೇಸ್ಟನ್ನು ಮಾತ್ರ ತರಬೇಡಿ; ನಮ್ಮ ತೇವಕ್ಕೆ ಒಂದೇ ಮಳೆಗಾಲದಲ್ಲಿ ತಾಮ್ರ ಹಸಿರಾಗಿ ಹೋಗುತ್ತದೆ. ಮುಂದಿನ ಹೆಜ್ಜೆಯಾಗಿ ಐರನ್ ಒಂದನ್ನೇ ಬದಲಿಸಬಹುದು. ಹೀಟರೂ ಸೆನ್ಸರೂ ಬಿಟ್ಟಿನೊಳಗೇ ಇರುವ ಟಿ12 ಮಾದರಿಯವು ಗ್ರೌಂಡಿನಂಥ ದಪ್ಪ ತಾಮ್ರದಲ್ಲೂ ಕಾವು ಬಿಟ್ಟುಕೊಡುವುದಿಲ್ಲ. ಇವು ಹೆಚ್ಚಾಗಿ ಎಸ್‌ಎಂಪಿಎಸ್‌ನಲ್ಲಿ ನಡೆಯುತ್ತವೆ, ಅರ್ಥ್ ಇಲ್ಲದ ಮನೆಯಲ್ಲಿ ಮತ್ತೆ ಕೈ ಜುಮ್ಮೆನ್ನುತ್ತದೆ, ಅದಕ್ಕೇ ಮೊದಲು ಅರ್ಥಿಂಗ್ ಎಂದೆ. ದುಬಾರಿ ಸ್ಟೇಷನ್ನಿಗೆ ಸಾಲ ಮಾಡುವುದು ದಿನಾ ನಾಲ್ಕಾರು ಮೊಬೈಲ್ ಬೋರ್ಡು ಬಂದು, ಕೆಳಗೆ ಗುಂಡು ಬೆಸುಗೆಯಿರುವ ಐಸಿಗಳನ್ನು ಎತ್ತಿ ಕೂರಿಸುವ ಕೆಲಸ ನಿಮ್ಮ ಹೊಟ್ಟೆಪಾಡಾದಾಗ. ನಿಮ್ಮ ಪತ್ರದಲ್ಲಿರುವ ಕೆಲಸಗಳಲ್ಲಿ ಅಂಥದ್ದು ಒಂದೂ ಇಲ್ಲ. ಆ ಕೆಲಸ ಬಂದರೆ ಸದ್ಯ ಪೇಟೆಗೆ ಕಳಿಸಿಬಿಡಿ, ಅಗ್ಗದ ಬ್ಲೋವರಿನಲ್ಲಿ ಗಿರಾಕಿಯ ಬೋರ್ಡಿನ ಮೇಲೆ ಕಲಿಯಬೇಡಿ. ಕಲಿಯಲು ಗುಜರಿಯಿಂದ ಸತ್ತ ಸೆಟ್ ಟಾಪ್ ಬಾಕ್ಸುಗಳನ್ನು ತನ್ನಿ, ಇಪ್ಪತ್ತು ಬೋರ್ಡಿನಿಂದ ಐಸಿ ತೆಗೆದು ಮತ್ತೆ ಅಲ್ಲೇ ಕೂರಿಸಿ. ಪ್ಯಾಡ್ ಏಳದ ಹಾಗೆ ಸಾಲಾಗಿ ಐದು ಆದ ಮೇಲೆ ಕೈಗೆ ನಂಬಿಕೆ ಬರುತ್ತದೆ.

ಉಬ್ಬಿದ ಆ ಬೇಲಿ ಬೋರ್ಡನ್ನು ಎಸೆದಿಲ್ಲವೆಂದುಕೊಂಡಿದ್ದೇನೆ. ಬೇಲಿ ಮಷಿನ್ನಿನ ಬೋರ್ಡುಗಳು ಹೆಚ್ಚಾಗಿ ಒಂದು ಅಥವಾ ಎರಡೇ ಪದರದ ತಾಮ್ರದವು, ಉಬ್ಬಿದ ಜಾಗದಲ್ಲಿ ಕಡಿದಿರುವ ದಾರಿಗಳನ್ನು ಮೀಟರಿನ ಬೀಪ್ ಹಿಡಿದು ಹುಡುಕಬಹುದು. ರಾತ್ರಿ ಡಬ್ಬಿಯಲ್ಲಿ ಒಣಗಿಸಿ, ಕಡಿದ ಕಡೆಗಳಿಗೆ ಎನಾಮಲ್ ತಂತಿಯ ಜಂಪರ್ ಎಳೆದು, ಐಸಿಯನ್ನು ಸಾಕೆಟ್ಟಿನಲ್ಲಿ ಕೂರಿಸಲು ಬಂದರೆ ಸಾಕೆಟ್ ಹಾಕಿ. ಹೈ ವೋಲ್ಟೇಜ್ ಕಡೆಯ ಭಾಗ ಉಬ್ಬಿದ್ದರೆ ಮಾತ್ರ ಆಸೆ ಬಿಡಿ, ಪದರದ ಬಿರುಕಿನಲ್ಲೇ ಕಿಡಿ ಹಾರುತ್ತದೆ. ತೋಟದವರಿಗೆ ನಡೆದದ್ದನ್ನು ಹೇಳಿ, ಬೋರ್ಡಿನ ದುಡ್ಡು ತೆಗೆದುಕೊಳ್ಳಬೇಡಿ. ಹಂದಿ, ಮಂಗ ತೋಟಕ್ಕೆ ನುಗ್ಗುವ ಹೊತ್ತು ಇದು, ರಿಪೇರಿ ಆಗುವ ತನಕ ಬದಲಿ ಮಷಿನ್ ಎಲ್ಲಾದರೂ ಸಿಕ್ಕರೆ ನೀವೇ ಹೋಗಿ ಕಟ್ಟಿ ಬನ್ನಿ.